13 ಅಡಿ ಗೋಡೆ ಮತ್ತು ರಂಗೋಲಿ ಕೆಳಗಿನ ಕಳ್ಳ

ತುಂಬಾ ದಿನ ಆಯ್ತು ಈ ಕಡೆ ಬಂದು. ಆಫೀಸು, ಮನೆ, ಸೋಮಾರಿತನ ಎಲ್ಲಾ ಸೇರಿ ಬ್ಲಾಗಿಗೆ ಧೂಳು ಹಿಡಿದಿತ್ತು. ಇವತ್ತು ಬರೆಯೋಕೆ ಕೂತದ್ದು ಸಿಟ್ಟಿನಿಂದ. ಸಿಟ್ಟಲ್ಲಿ ಬರೆದದ್ದು ಹದವಾಗಿ ಇರಲ್ಲ ಅಂತ ಗೊತ್ತು. ಆದರೂ ಪೂರ್ತಿ ಓದಿ, ಆಮೇಲೆ ಬೈಯಿರಿ.

ಕಳೆದ ಭಾನುವಾರ ಮೈಸೂರಿನ ನಮ್ಮ ಬಡಾವಣೆಯಲ್ಲಿ ಸಂಘದ ಸಭೆ ಇತ್ತು. ಯಾವುದೋ ಒಂದು ಕಂಪನಿಯ ಹುಡುಗ ಬಂದಿದ್ದ. ಗೇಟಿನ ಹತ್ತಿರ ಒಂದು ಯಂತ್ರ ಇಡ್ತಾರಂತೆ. ಮನೆಗೆಲಸಕ್ಕೆ ಬರೋರು, ಹಾಲಿನವರು, ಡ್ರೈವರುಗಳು ಎಲ್ಲರೂ ಆಧಾರ್ ಪ್ರತಿ ಕೊಟ್ಟು, ದಿನಾ ಬೆರಳು ಒತ್ತಿ ಒಳಗೆ ಬರಬೇಕಂತೆ. ಯಾರೋ ಒಬ್ಬರು "ಅಷ್ಟೆಲ್ಲಾ ಮಾಹಿತಿ ಸೇಫಾ?" ಅಂತ ಕೇಳಿದರು. ಹುಡುಗ ನಕ್ಕು, "ಮಿಲಿಟರಿ ಗ್ರೇಡ್ ಎನ್‌ಕ್ರಿಪ್ಷನ್ ಸಾರ್, ಯೋಚನೆನೇ ಬೇಡ" ಅಂದ. ಎಲ್ಲರೂ ತಲೆ ಆಡಿಸಿದರು. ನಾನೂ ಸಾಫ್ಟ್‌ವೇರ್‌ನವನೇ. ಹಾಗಾಗಿ ನನ್ನ ಕಡೆ ತಿರುಗಿ "ಅಲ್ವಾ ಸಾರ್?" ಅಂತ ಬೇರೆ ಕೇಳಿದ.

ಅಲ್ಲ. ಯಾಕೆ ಅಲ್ಲ ಅಂತ ಹೇಳೋದಕ್ಕೇ ಈ ಬರಹ.

ಮೊದಲು ಒಂದು ಹಳೇ ಕಥೆ. 2023ರಲ್ಲಿ ನಡೆದದ್ದು. ನಮ್ಮ ಬೀದಿಯಲ್ಲಿ ರಿಟೈರ್ ಆದ ಒಬ್ಬ ಟೀಚರಮ್ಮ ಇದ್ದಾರೆ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಸಂಜೆ ಹೊತ್ತು ಹಳ್ಳಿಗೆ ಹೋಗಿ, ಹೆಬ್ಬೆಟ್ಟು ಒತ್ತುತ್ತಿದ್ದವರಿಗೆ ಕೈ ಹಿಡಿದು ರುಜು ಮಾಡೋದನ್ನ ಕಲಿಸಿದವರು. ಒಂದು ದಿನ ಬೆಳಿಗ್ಗೆ ನನ್ನ ಮನೆ ಬಾಗಿಲಿಗೆ ಬಂದು, "ನೋಡಪ್ಪ, ಇದೇನೋ ಮೆಸೇಜ್ ಬಂದಿದೆ" ಅಂತ ಮೊಬೈಲ್ ಕೈಗೆ ಕೊಟ್ಟರು. ಖಾತೆಯಿಂದ ಹತ್ತು ಸಾವಿರ ಹೋಗಿತ್ತು. ಅವರು ಯಾರಿಗೂ ಓಟಿಪಿ ಹೇಳಿಲ್ಲ, ಯಾವ ಲಿಂಕೂ ಒತ್ತಿಲ್ಲ, ಎಟಿಎಂ ಕಾರ್ಡ್ ಗೋದ್ರೇಜ್ ಬೀರುವಿನಲ್ಲೇ ಇದೆ. ಬ್ಯಾಂಕಿಗೆ ಹೋದೆವು. ಯಾವ ಬ್ಯಾಂಕು ಅಂತ ಬರೆಯಲ್ಲ, ಎಲ್ಲಾ ಕಡೆ ಇದೇ ಉತ್ತರ ಬರ್ತಿತ್ತು ಅನ್ನೋದು ನನ್ನ ಅನುಮಾನ. ಕೌಂಟರಿನಲ್ಲಿದ್ದವರು ಸ್ಕ್ರೀನ್ ನೋಡಿ ಹೇಳಿದರು: "ಆಧಾರ್ ಮೇಲೆ ಡ್ರಾ ಆಗಿದೆ ಮೇಡಂ. ನಿಮ್ಮದೇ ಬೆರಳು ಮ್ಯಾಚ್ ಆಗಿದೆ. ಇದೆಲ್ಲಾ ಎನ್‌ಕ್ರಿಪ್ಟೆಡ್, ಬೇರೆಯವರು ತೆಗೆಯೋಕೆ ಚಾನ್ಸೇ ಇಲ್ಲ. ಮನೇಲಿ ಯಾರಾದ್ರೂ ಕರ್ಕೊಂಡು ಹೋಗಿ ಒತ್ತಿಸಿಕೊಂಡ್ರಾ ನೆನಪು ಮಾಡ್ಕೊಳಿ."

ಟೀಚರಮ್ಮನ ಮುಖ ನೋಡಬೇಕಿತ್ತು. ಹತ್ತು ಸಾವಿರ ಹೋದದ್ದಕ್ಕಿಂತ ಆ ಕೊನೆಯ ಮಾತಿಗೆ ಅವರು ಕುಗ್ಗಿಹೋದರು. ಒಂದೋ ಅವರು ಸುಳ್ಳು ಹೇಳ್ತಿದ್ದಾರೆ, ಇಲ್ಲಾ ಅವರ ಮಗನೋ ಸೊಸೆಯೋ ಕಳ್ಳರು. ಯಾಕೆಂದರೆ ಎನ್‌ಕ್ರಿಪ್ಷನ್ ಸುಳ್ಳು ಹೇಳಲ್ಲವಲ್ಲ!

ಇಲ್ಲೇ ಇರೋದು ಮೋಸ. ಎನ್‌ಕ್ರಿಪ್ಷನ್ ಹೇಳದೇ ಇದ್ದ ಮಾತನ್ನ ಅದರ ಬಾಯಲ್ಲಿ ಹಾಕಿ, ಹಣ ಕಳಕೊಂಡವರ ವಿರುದ್ಧವೇ ಅದನ್ನ ಸಾಕ್ಷಿಗೆ ನಿಲ್ಲಿಸೋದು.

ಎನ್‌ಕ್ರಿಪ್ಷನ್ ಮಾಡೋ ಕೆಲಸ ಏನು? ಬೆರಳು ಓದೋ ಯಂತ್ರದಿಂದ ಹೊರಟ ಮಾಹಿತಿ, ಆಧಾರ್ ಸರ್ವರ್ ತಲುಪೋವರೆಗೆ ದಾರಿಯಲ್ಲಿ ಯಾರೂ ಓದದ ಹಾಗೆ ನೋಡಿಕೊಳ್ಳೋದು. ಆ ಕೆಲಸವನ್ನ ಅದು ಚೆನ್ನಾಗೇ ಮಾಡುತ್ತೆ. ಬೆರಳಿನ ಮಾಹಿತಿಯನ್ನ 256 ಬಿಟ್‌ನ ಎಇಎಸ್ ಕೀಲಿಯಿಂದ ಮುಚ್ತಾರೆ, ಆ ಕೀಲಿಯನ್ನ ಮತ್ತೆ 2048 ಬಿಟ್‌ನ ಆರ್‌ಎಸ್‌ಎ ಕೀಲಿಯಿಂದ ಮುಚ್ತಾರೆ. ಇದನ್ನ ಒಡೆಯೋ ಕಳ್ಳ ಇನ್ನೂ ಹುಟ್ಟಿಲ್ಲ ಅಂದರೂ ನಾನು ಒಪ್ತೀನಿ. ಆದರೆ ಯಂತ್ರದ ಮೇಲೆ ಒತ್ತಿದ್ದು ಟೀಚರಮ್ಮನ ಬೆರಳೋ, ಅವರ ಬೆರಳಚ್ಚು ಮೂಡಿಸಿದ ಸಿಲಿಕಾನ್ ತುಂಡೋ? ಅದನ್ನ ಎನ್‌ಕ್ರಿಪ್ಷನ್ ಕೇಳೋದೇ ಇಲ್ಲ, ಅದರ ಕೆಲಸವೂ ಅಲ್ಲ. ಸುಳ್ಳು ಬೆರಳು ಕೊಟ್ಟರೆ ಅದನ್ನೂ ಅಷ್ಟೇ ಭದ್ರವಾಗಿ, ಅಷ್ಟೇ ಮರ್ಯಾದೆಯಿಂದ ಸರ್ವರಿಗೆ ತಲುಪಿಸುತ್ತೆ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂತ. ಭದ್ರತೆಯ ಇಡೀ ಪುಸ್ತಕ ಅದೊಂದೇ ಸಾಲಲ್ಲಿದೆ. ಆರ್‌ಎಸ್‌ಎ ಅನ್ನೋ ಹೆಸರಿನಲ್ಲಿರೋ 'ಎಸ್', ಅಂದರೆ ಆದಿ ಶಮೀರ್, ಅದನ್ನ ಕಂಡುಹಿಡಿದ ಮೂವರಲ್ಲಿ ಒಬ್ಬರು. ಅವರೇ ಹೇಳಿದ ಮಾತು ಇದು: ಗೂಢಲಿಪಿಯನ್ನ ಸಾಮಾನ್ಯವಾಗಿ ಯಾರೂ ಭೇದಿಸಿಕೊಂಡು ಹೋಗಲ್ಲ, ಬಳಸಿಕೊಂಡು ಹೋಗ್ತಾರೆ. ಬೀಗ ಮಾಡಿದವನೇ ಹೇಳ್ತಿದ್ದಾನೆ, ಬೀಗ ನೋಡಿ ಮೈಮರೀಬೇಡಿ ಅಂತ.

ಹೇಗೆ ಬಳಸಿಕೊಂಡು ಹೋಗ್ತಾರೆ? ನಾನು ನೋಡಿದ ಮಟ್ಟಿಗೆ ದಾರಿ ನಾಲ್ಕೇ. ಬೀಗ ಹಾಕೋ ಮುಂಚೆ ಕದಿಯೋದು. ಬೀಗ ತೆಗೆದ ಮೇಲೆ ಕದಿಯೋದು. ಬೀಗದ ಕೈ ಕದಿಯೋದು. ಇದ್ಯಾವುದೂ ಆಗದಿದ್ದರೆ ಬೀಗದ ಕೈ ಇಟ್ಟುಕೊಂಡವರನ್ನ ಮಂಕು ಮಾಡೋದು.

2013ರ ಅಕ್ಟೋಬರಿನಲ್ಲಿ ಅಮೆರಿಕದ ಎಫ್‌ಬಿಐನವರು ಸಿಲ್ಕ್ ರೋಡ್ ಅನ್ನೋ ಕಳ್ಳಸಂತೆ ನಡೆಸುತ್ತಿದ್ದವನನ್ನ ಹಿಡಿದದ್ದು ಹೇಗೆ ಗೊತ್ತಾ? ಅವನ ಲ್ಯಾಪ್‌ಟಾಪ್ ಪೂರ್ತಿ ಎನ್‌ಕ್ರಿಪ್ಟೆಡ್. ಮುಚ್ಚಿದರೆ ಮುಗೀತು, ಏನೂ ಸಿಗಲ್ಲ. ಅದಕ್ಕೆ ಅವನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲೈಬ್ರರಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಾಗ, ಹಿಂದೆ ಇಬ್ಬರು ಜಗಳ ಆಡೋ ನಾಟಕ ಮಾಡಿದರು. ಅವನು ತಿರುಗಿ ನೋಡಿದ. ಅಷ್ಟರಲ್ಲಿ ಲ್ಯಾಪ್‌ಟಾಪ್ ಪೊಲೀಸರ ಕೈಲಿತ್ತು, ತೆರೆದದ್ದು ತೆರೆದ ಹಾಗೇ. ಇದು ಎರಡನೇ ದಾರಿ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಮೂರನೇ ದಾರಿ ತೋರಿಸಿದರು. ಕಂಪ್ಯೂಟರಿನ ಮೆಮೊರಿ ಚಿಪ್ಪನ್ನ ತಣ್ಣಗೆ ಮಾಡಿಬಿಟ್ಟರೆ, ಕರೆಂಟ್ ತೆಗೆದ ಮೇಲೂ ಸ್ವಲ್ಪ ಹೊತ್ತು ಡಿಸ್ಕ್‌ನ ಎನ್‌ಕ್ರಿಪ್ಷನ್ ಕೀಲಿ ಅದರಲ್ಲೇ ಉಳಿದಿರುತ್ತೆ, ಓದಿಕೊಳ್ಳಬಹುದು ಅಂತ.

ವಾಟ್ಸಾಪ್ ಕಥೆಯೂ ಇದೇ. ಮೆಸೇಜು ನನ್ನ ಫೋನಿಂದ ನಿಮ್ಮ ಫೋನಿಗೆ ಹೋಗೋ ದಾರಿಯಲ್ಲಿ ಭದ್ರ. ಆದರೆ ನೀವು ಓದಬೇಕು ಅಂದರೆ ನಿಮ್ಮ ಫೋನಿನಲ್ಲಿ ಅದು ಬಿಚ್ಚಿಕೊಳ್ಳಲೇಬೇಕಲ್ಲ? ಪೆಗಾಸಸ್ ಅನ್ನೋ ಬೇಹುತಂತ್ರ ಕೂತುಕೊಳ್ಳೋದು ಅಲ್ಲಿ. 2021ರ ಜುಲೈನಲ್ಲಿ ಸುದ್ದಿಸಂಸ್ಥೆಗಳು ಹೊರಗೆ ಹಾಕಿದ ಪಟ್ಟಿಯಲ್ಲಿ ನಮ್ಮ ಕರ್ನಾಟಕದ ನಂಬರುಗಳೂ ಇದ್ದವು. 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರದ್ದು, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳದ್ದು. ನಂಬರು ಪಟ್ಟಿಯಲ್ಲಿತ್ತು ಅಂದ ಮಾತ್ರಕ್ಕೆ ಫೋನಿನ ಒಳಗೆ ಹೊಕ್ಕಿದ್ದರು ಅಂತಲ್ಲ, ಅದನ್ನ ನಾನು ಹೇಳ್ತಿಲ್ಲ. ಆದರೆ ಅಂಥ ತಂತ್ರ ಬೇಕಾಗೋದೇ ದಾರಿಯಲ್ಲಿ ಒಡೆಯೋಕೆ ಆಗದೇ ಇದ್ದಾಗ ಅನ್ನೋದನ್ನ ಗಮನಿಸಿ.

ಈಗ ಮೊದಲನೇ ದಾರಿಗೆ ಬರೋಣ. ಬೀಗ ಹಾಕೋ ಮುಂಚೆ ಕದಿಯೋದು. ಟೀಚರಮ್ಮನಂಥವರ ಹಣ ಹೋಗೋದು ಈ ದಾರಿಯಲ್ಲಿ.

2018ರ ಮಾರ್ಚ್‌ನಲ್ಲಿ ಆಧಾರ್ ಕೇಸು ಸುಪ್ರೀಂ ಕೋರ್ಟಿನಲ್ಲಿ ನಡೀತಿತ್ತು. ಆಗ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್, ಈ ಮಾಹಿತಿ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಹಿಂದೆ ಭದ್ರವಾಗಿದೆ ಅಂದರು. ಆಗಿನ ಆಧಾರ್ ಪ್ರಾಧಿಕಾರದ ಸಿಇಓ, 2048 ಬಿಟ್‌ನ ಕೀಲಿ ಒಡೆಯೋಕೆ ಬ್ರಹ್ಮಾಂಡದ ವಯಸ್ಸಿನಷ್ಟು ಕಾಲ ಬೇಕು ಅಂತ ವಿವರಿಸಿದರು. ಪೇಪರಿನಲ್ಲಿ ಓದಿ ನಾವೆಲ್ಲಾ ಗೋಡೆ ಮೇಲೆ ಜೋಕು ಮಾಡಿದ್ದೂ ಆಯ್ತು. ಸರಿ, ಅಷ್ಟು ಕಾಲ ಬೇಕು ಅಂತಲೇ ಇಟ್ಟುಕೊಳ್ಳೋಣ. ಅದಾಗಿ ಬರೀ ಮೂರು ತಿಂಗಳಿಗೆ, ಅದೇ ವರ್ಷ ಜೂನ್‌ನಲ್ಲಿ, ಪಕ್ಕದ ತೆಲಂಗಾಣದಲ್ಲಿ ಒಬ್ಬ ಸಿಮ್ ಮಾರುವವ ಸಿಕ್ಕಿಬಿದ್ದ. ಅವನು ಯಾವ ಗೋಡೆಯನ್ನೂ ಹತ್ತಿರಲಿಲ್ಲ. ಜಮೀನು ನೋಂದಣಿಯ ವೆಬ್‌ಸೈಟಿನಿಂದ ಕ್ರಯಪತ್ರಗಳನ್ನ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ಪಾಲಿಮರ್ ಬೆರಳು ಮಾಡಿ, ಸಾವಿರಾರು ಸಿಮ್ ಚಾಲೂ ಮಾಡಿದ್ದ. ಅದಕ್ಕೂ ಮುಂಚೆ, 2017ರಲ್ಲೇ, ಉತ್ತರ ಪ್ರದೇಶದ ಪೊಲೀಸರು ಆಧಾರ್ ನೋಂದಣಿ ಮಾಡೋ ಆಪರೇಟರುಗಳ ಬೆರಳನ್ನೇ ನಕಲು ಮಾಡಿದ್ದ ತಂಡವನ್ನ ಹಿಡಿದಿದ್ದರು.

ಅಂದರೆ ನಮಗೆ ಎಚ್ಚರಿಕೆ ಸಿಕ್ಕಿತ್ತು. ಐದು ವರ್ಷ ಮುಂಚೆ ಸಿಕ್ಕಿತ್ತು.

ಕರ್ನಾಟಕ ಏನು ಮಾಡಿತು? ನಿವೇಶನ, ಮನೆ ಕೊಳ್ಳೋವಾಗ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಫೋಟೋ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಳ್ತಾರಲ್ಲ, ಅದು ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿಸಿದ 32ಎ ಕಲಮಿನಿಂದ. ಒಬ್ಬರ ಆಸ್ತಿಯನ್ನ ಇನ್ನೊಬ್ಬರು ಸುಳ್ಳು ಹೇಳಿ ಮಾರಬಾರದು ಅಂತ ಮಾಡಿದ್ದು, ಒಳ್ಳೇ ಉದ್ದೇಶವೇ. ಅದೇ 1908ರ ಕಾಯ್ದೆಯ 57ನೇ ಕಲಮಿನ ಪ್ರಕಾರ ಆಸ್ತಿ ದಾಖಲೆಯ ಪ್ರತಿಯನ್ನ ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೀಬಹುದು. ಅದೂ ಸರಿಯೇ, ಸೈಟು ಕೊಳ್ಳೋವನಿಗೆ ಹಿಂದಿನ ಮಾಲೀಕ ಯಾರು ಅಂತ ಗೊತ್ತಾಗಬೇಡವೇ? ಆದರೆ ಕಾಗದದ ಕಾಲದಲ್ಲಿ ಒಂದು ಪ್ರತಿಗೆ ಒಂದು ದಿನ ಕ್ಯೂ ನಿಲ್ಲಬೇಕಿತ್ತು. ಕಾವೇರಿ ಜಾಲತಾಣ ಬಂದ ಮೇಲೆ ಕೂತಲ್ಲೇ ಸಿಗೋ ಹಾಗಾಯ್ತು. ಈ ಮಧ್ಯೆ ಅದೇ ಹೆಬ್ಬೆಟ್ಟು ಬ್ಯಾಂಕ್ ಖಾತೆಯ ಬೀಗದ ಕೈಯೂ ಆಗಿಹೋಗಿತ್ತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡೋ ಕೆಲಸ ಯಾರ ಮೇಜಿನ ಮೇಲೂ ಇರಲಿಲ್ಲ.

2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಸಾಲು ಸಾಲು ದೂರು ಬಂತು. ಆಸ್ತಿ ನೋಂದಣಿ ಮಾಡಿಸಿದ ಕೆಲವು ದಿನಕ್ಕೆ ಖಾತೆಯಿಂದ ಹಣ ಮಾಯ. ಅಕ್ಟೋಬರಿನಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನ ಹಿಡಿದು ತಂದರು. ಕಾವೇರಿಯಲ್ಲಿ ನೋಂದಣಿಯಾದ ದಾಖಲೆಗಳ ರಾಶಿಯೇ ಅವರ ಹತ್ತಿರ ಸಿಕ್ಕಿತು ಅಂತ ಪೊಲೀಸರು ಹೇಳಿದರು. ಆಮೇಲೆ ಸರ್ಕಾರದಿಂದ, ದಾಖಲೆ ಪ್ರತಿಯಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆ ಕಾಣದ ಹಾಗೆ ಮರೆಮಾಡ್ತೀವಿ ಅನ್ನೋ ಮಾತು ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಪಾಸ್‌ವರ್ಡ್ ಕಳೆದರೆ ಬದಲಾಯಿಸಬಹುದು. ಆಗಲೇ ಹೊರಗೆ ಹೋದ ಹೆಬ್ಬೆಟ್ಟನ್ನ ಬದಲಾಯಿಸೋದು ಹೇಗೆ ಸ್ವಾಮಿ?

ಟೀಚರಮ್ಮನ ಬೆರಳು ಎಲ್ಲಿಂದ ಹೋಯ್ತು ಅಂತ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನ ಯಾರ ಮೇಲೂ ಹಾಕಲ್ಲ. ಆದರೆ ಉಳಿದದ್ದು ಎಷ್ಟು ಸುಲಭ ಅಂತ ನೋಡಿ. ಎಇಪಿಎಸ್ ಅನ್ನೋ ಈ ವ್ಯವಸ್ಥೆಯಲ್ಲಿ ಹಣ ತೆಗೆಯೋಕೆ ಬೇಕಾದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳು. ಕಾರ್ಡ್ ಇಲ್ಲ, ಪಿನ್ ಇಲ್ಲ, ಓಟಿಪಿ ಇಲ್ಲ. ಒಂದು ಸಲಕ್ಕೆ ಹತ್ತು ಸಾವಿರದವರೆಗೆ. ಆಧಾರ್ ನಂಬರಂತೂ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಸಿಗುತ್ತೆ. ಒಂದು ಸಲ ನಾನು ಪ್ರಿಂಟ್ ತೆಗೆಸೋಕೆ ಹೋಗಿದ್ದ ಅಂಗಡಿಯ ಕಂಪ್ಯೂಟರಿನಲ್ಲಿ, ಡೆಸ್ಕ್‌ಟಾಪ್ ತುಂಬಾ ಜನರ ಆಧಾರ್ ಪಿಡಿಎಫ್‌ಗಳು ಹಬ್ಬದ ತೋರಣದ ಹಾಗೆ ನೇತಾಡ್ತಿದ್ದವು. ಡಿಲೀಟ್ ಮಾಡಪ್ಪ ಅಂದರೆ, "ಮತ್ತೆ ಬರ್ತಾರೆ ಸಾರ್, ಇರ್ಲಿ ಅಂತ ಇಟ್ಟಿರ್ತೀವಿ" ಅಂದ. ಅವನು ಕೆಟ್ಟವನಲ್ಲ. ಅವನಿಗೆ ಯಾರೂ ಹೇಳಿಲ್ಲ.

ಯಾರೂ ಹೇಳಿಲ್ಲ ಅಂತಲೂ ಅಲ್ಲ. ಇದನ್ನ ಕೇಳಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ನಮ್ಮ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು. ಕಂಡಕಂಡವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ, ಸೈಬರ್ ಕೆಫೆಗಳಲ್ಲಿ ಡೌನ್‌ಲೋಡ್ ಮಾಡಬೇಡಿ ಅಂತ. ಎಂಥಾ ಒಳ್ಳೇ ಮಾತು! ಎರಡೇ ದಿನದಲ್ಲಿ ಅದನ್ನ ವಾಪಸ್ ತೆಗೆದುಕೊಂಡರು. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದಂತೆ. ನಿಜ ಹೇಳಿದ್ದಕ್ಕೆ ನಾಲಿಗೆ ಕಚ್ಚಿಕೊಂಡ ಹಾಗೆ.

ನನ್ನ ವಾದ ಇಷ್ಟೇ. ಬೆರಳು ಗುಟ್ಟಲ್ಲ. ಕುಡಿದ ಕಾಫಿ ಲೋಟದ ಮೇಲೆ, ಬೈಕಿನ ಹ್ಯಾಂಡಲ್ ಮೇಲೆ, ಕ್ರಯಪತ್ರದ ಪ್ರತಿ ಪುಟದ ಮೇಲೆ ಬಿಟ್ಟು ಬರೋ ಗುರುತು ಅದು. ಬೆರಳು ನಮ್ಮ ಹೆಸರಿದ್ದ ಹಾಗೆ, ಪಾಸ್‌ವರ್ಡ್ ಅಲ್ಲ. ಹೆಸರನ್ನ ಎಷ್ಟು ಬಿಟ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದರೂ ಅದು ಗುಟ್ಟಾಗಲ್ಲ.

ಬೆರಳಿನ ವಿಷಯದಲ್ಲಿ ಮೈಸೂರಿನವರಾದ ನಮಗೆ ಇದು ಬೇಗ ಅರ್ಥ ಆಗಬೇಕು. ಬನ್ನಿಮಂಟಪದ ಕಡೆ ಇರೋ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಅಳಿಸದ ಶಾಯಿ ಅಲ್ಲಿಂದಲೇ ಹೋಗೋದು. ಆ ಶಾಯಿ ಯಾವ ಗುಟ್ಟಿನ ಮೇಲೂ ನಿಂತಿಲ್ಲ. ಎಲ್ಲರಿಗೂ ಕಾಣಲಿ ಅಂತಲೇ ಹಚ್ಚೋದು. "ಈ ಬೆರಳಿನವರು ಮತ ಹಾಕಿ ಆಯ್ತು" ಅಂತ ಹೇಳುತ್ತೆ, ಅಷ್ಟೇ. ಬೆರಳಿನಿಂದ ಎಷ್ಟು ಕೆಲಸ ತೆಗೆಯಬಹುದೋ ಅಷ್ಟೇ ತೆಗೆದ ಪ್ರಾಮಾಣಿಕ ತಂತ್ರಜ್ಞಾನ. ನಾವು ಅದೇ ಬೆರಳಿಗೆ ಖಜಾನೆ ಕಾಯೋ ಕೆಲಸ ಕೊಟ್ಟೆವು.

ಇದಕ್ಕೆ ಬರೋ ಆಕ್ಷೇಪಗಳೂ ಗೊತ್ತು.

ಒಂದು, "ಹಳ್ಳಿಯ ಮುದುಕಿಗೆ ಪಿಂಚಣಿ ಮನೆ ಬಾಗಿಲಿಗೆ ಬರ್ತಿರೋದು ಇದರಿಂದಲೇ, ಬ್ಯಾಂಕಿಗೆ ಇಪ್ಪತ್ತು ಮೈಲಿ ನಡೆಸ್ತೀಯಾ?" ನಡೆಸಲ್ಲ. ಬೇಕು ಅಂದವರಿಗೆ ಇರಲಿ. ಆದರೆ ಕೇಳದೇ ಇದ್ದವರ ಖಾತೆಗೆ, ಆಧಾರ್ ಜೋಡಿಸಿದ ಮಾತ್ರಕ್ಕೆ, ಈ ಬಾಗಿಲು ತೆರೆದಿಡೋದು ಯಾಕೆ? ಟೀಚರಮ್ಮ ಹುಟ್ಟಿದಾಗಿನಿಂದ ಒಂದು ಸಲವೂ ಬೆರಳೊತ್ತಿ ಹಣ ತೆಗೆದವರಲ್ಲ. ಮುಚ್ಚಿಟ್ಟಿರಬೇಕು, ಕೇಳಿದರೆ ತೆಗೀಬೇಕು. ನಮ್ಮಲ್ಲಿ ಉಲ್ಟಾ.

ಎರಡು, ನಮ್ಮ ಟೆಕ್ಕಿ ಗೆಳೆಯರದ್ದು: "ಬಯೋಮೆಟ್ರಿಕ್ ಲಾಕ್ ಮಾಡ್ಕೋಬಹುದಲ್ಲ ಗುರು, ಆಪ್ ಇದೆ." ಇದೆ. ನಾನೇ ಟೀಚರಮ್ಮನಿಗೆ ಮಾಡಿಕೊಟ್ಟೆ. ನವೆಂಬರಿನಲ್ಲಿ ಪಿಂಚಣಿಗೆ ಜೀವನ ಪ್ರಮಾಣ ಕೊಡೋಕೆ ಹೋದರೆ ಬೆರಳು ಒಪ್ಪಲಿಲ್ಲ, ಲಾಕ್ ಆಗಿತ್ತು! ಕ್ಯೂನಲ್ಲಿ ನಿಂತು ನನಗೆ ಫೋನು. ತೆಗೆಸಿ, ಕೊಡಿಸಿ, ಮತ್ತೆ ಹಾಕಿಸಿದ್ದಾಯ್ತು. ಪಕ್ಕದ ಮನೆಯಲ್ಲಿ ಸಾಫ್ಟ್‌ವೇರ್‌ನವನು ಇಲ್ಲದವರು ಏನು ಮಾಡಬೇಕು? ವ್ಯವಸ್ಥೆ ಮಾಡಿದವರ ತಪ್ಪಿಗೆ ಎಪ್ಪತ್ತು ದಾಟಿದವರು ಆಪ್ ಕಲಿತು ಕಾವಲು ಕಾಯಬೇಕೇ?

ಮೂರು, "ಈಗ ತಂತ್ರಜ್ಞಾನ ಸುಧಾರಿಸಿದೆ." ನಿಜ. ಮೊದಲಿನ ಎಲ್0 ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ಆಗ್ತಿದ್ದದ್ದು ಪಕ್ಕದ ಕಂಪ್ಯೂಟರಿನಲ್ಲಿ, ಎಲ್1 ಯಂತ್ರಗಳಲ್ಲಿ ಯಂತ್ರದ ಒಳಗೇ ಆಗುತ್ತೆ. ಜೀವ ಇರೋ ಬೆರಳೇ ಅಂತ ನೋಡೋ ಪರೀಕ್ಷೆಯನ್ನೂ ಪ್ರಾಧಿಕಾರ 2023ರ ಫೆಬ್ರವರಿಯಲ್ಲೇ ಘೋಷಿಸಿತ್ತು. ಮಂಗಳೂರಿನ ಬಂಧನ ಆದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ. ಸುಧಾರಣೆ ಬೇಡ ಅಂತಲ್ಲ. ಚಾಪೆ ದಪ್ಪ ಮಾಡಿದಷ್ಟೂ ಅವನು ರಂಗೋಲಿ ಹುಡುಕ್ತಾನೆ ಅನ್ನೋದು ನೆನಪಿರಲಿ ಅಂತ.

ಹಾಗಾದರೆ ಎನ್‌ಕ್ರಿಪ್ಷನ್ನೇ ದಂಡವಾ? ದಯವಿಟ್ಟು ಹಾಗೆ ಓದಬೇಡಿ. ಅದಿಲ್ಲದಿದ್ದರೆ ನಮ್ಮ ಪಾಸ್‌ವರ್ಡು, ನಮ್ಮ ಮಾತು, ನಮ್ಮ ದುಡ್ಡು ಎಲ್ಲಾ ದಾರಿಯಲ್ಲೇ ಯಾರಾದರೂ ಓದಿಕೊಳ್ತಿದ್ದರು. ಕಳ್ಳ ರಂಗೋಲಿ ಕೆಳಗೆ ತೂರೋ ಕಷ್ಟ ಪಡ್ತಾನೆ ಅಂದರೆ ಬಾಗಿಲು ಗಟ್ಟಿ ಇದೆ ಅಂತಲೇ ಅರ್ಥ. ನನ್ನ ಜಗಳ ಬೀಗದ ಜೊತೆ ಅಲ್ಲ. ಬೀಗ ತೋರಿಸಿ ಜವಾಬ್ದಾರಿಯಿಂದ ನುಣುಚಿಕೊಳ್ಳೋರ ಜೊತೆ. "ನಮ್ಮ ಸರ್ವರ್ ಹ್ಯಾಕ್ ಆಗಿಲ್ಲ" ಅನ್ನೋದು ನಿಜವೇ ಇರಬಹುದು. ಹಣ ಹೋದದ್ದೂ ಅಷ್ಟೇ ನಿಜ. ಮೊದಲನೇ ನಿಜವನ್ನ ಎರಡನೇ ನಿಜಕ್ಕೆ ಉತ್ತರವಾಗಿ ಕೊಡಬೇಡಿ.

ಟೀಚರಮ್ಮನ ಹಣ ಕೊನೆಗೆ ಬಂತು. 1930ಕ್ಕೆ ಫೋನ್ ಮಾಡಿ ದೂರು ಕೊಟ್ಟು, ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನ ಪ್ರಿಂಟ್ ತೆಗೆದು ಬ್ಯಾಂಕಿನ ಮೇಜಿನ ಮೇಲೆ ಇಟ್ಟ ಮೇಲೆ. ಗ್ರಾಹಕರ ತಪ್ಪಿಲ್ಲದೇ ಮೂರನೆಯವರಿಂದ ಆದ ವಂಚನೆಯನ್ನ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ, ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡೋ ಭಾರ ಬ್ಯಾಂಕಿನದ್ದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾಲ್ಕು ತಿಂಗಳು ಹಿಡೀತು. ಮನೆಯವರನ್ನ ಅನುಮಾನಿಸಿದ್ದಕ್ಕೆ ಮಾತ್ರ ಯಾರೂ ಕ್ಷಮೆ ಕೇಳಲಿಲ್ಲ. "ದುಡ್ಡು ಬಂತಪ್ಪ, ಆದ್ರೆ ಮೂವತ್ತು ವರ್ಷ ಹೆಬ್ಬೆಟ್ಟು ಬಿಡಿಸೋಕೆ ಒದ್ದಾಡ್ದೆ, ಕೊನೆಗೆ ನನ್ನನ್ನೇ ಹೆಬ್ಬೆಟ್ಟು ಮಾಡ್ಬಿಟ್ರು" ಅಂದರು. ನಗ್ತಾನೇ ಅಂದರು, ನನಗೆ ನಗು ಬರಲಿಲ್ಲ.

ಭಾನುವಾರದ ಸಭೆಗೆ ವಾಪಸ್ ಬರ್ತೀನಿ. ಆ ಹುಡುಗ ಮಿಲಿಟರಿ ಗ್ರೇಡ್ ಅಂದಾಗ ಎಲ್ಲರೂ ಸುಮ್ಮನಾದರಲ್ಲ, ಹಿಂದಿನ ಸಾಲಿನಲ್ಲಿ ಕೂತಿದ್ದ ಟೀಚರಮ್ಮ ಕೈ ಎತ್ತಿದರು. "ಬೀಗದ ಕೈ ಯಾರ ಹತ್ರ ಇರುತ್ತಪ್ಪ? ನೀವು ಅಂಗಡಿ ಮುಚ್ಚಿದ್ರೆ ನಮ್ಮ ಕೆಲಸದ ಹುಡುಗಿ ಬೆರಳು ಎಲ್ಲಿಗೆ ಹೋಗುತ್ತೆ? ನಾಳೆ ಅವಳ ದುಡ್ಡು ಹೋದ್ರೆ ಕೊಡೋರು ಯಾರು?" ಮೂರೇ ಪ್ರಶ್ನೆ. ಹುಡುಗ ತನ್ನ ಹಾಳೆಗಳನ್ನ ತಿರುವಿದ, ಮೇಲಿನವರನ್ನ ಕೇಳಿ ಹೇಳ್ತೀನಿ ಅಂದ. ಯಂತ್ರದ ಮಾತು ಸದ್ಯಕ್ಕೆ ಮುಂದಕ್ಕೆ ಹೋಗಿದೆ.

ಇಷ್ಟೆಲ್ಲಾ ಓದಿಕೊಂಡ ನನಗೆ ಅವತ್ತು ಬಾಯಿ ಬರಲಿಲ್ಲ, ಅವರಿಗೆ ಬಂತು. ಇನ್ನು ಮೇಲೆ ಯಾರಾದರೂ ನಿಮ್ಮ ಮುಂದೆ 'ಎನ್‌ಕ್ರಿಪ್ಟೆಡ್' ಅಂದರೆ ಬಿಟ್ ಎಷ್ಟು ಅಂತ ಕೇಳಬೇಡಿ, ಈ ಮೂರು ಪ್ರಶ್ನೆ ಕೇಳಿ. ನಿಮ್ಮ ಬ್ಯಾಂಕಿಗೆ ಹೋಗಿ ನಿಮ್ಮ ಅಪ್ಪ ಅಮ್ಮನ ಖಾತೆಯಲ್ಲಿ ಬೆರಳಿನ ಬಾಗಿಲು ತೆರೆದಿದೆಯಾ ಅಂತ ಕೇಳಿ, ಬೇಡದಿದ್ದರೆ ಮುಚ್ಚಿಸಿ. ಏನು ಉತ್ತರ ಬಂತು ಅಂತ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಕನ್ನಡದಲ್ಲೇ ಬರೀರಿ. ಟೀಚರಮ್ಮನಂಥವರು ಓದೋದು ಕನ್ನಡದಲ್ಲೇ.

ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿ, ಕೋಪ ಮಾಡ್ಕೊಳಲ್ಲ. ಏನಂತೀರಿ?